ತೊಳೆಯಬಾರದ ತೊಟ್ಟಿ

ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೂ ವಾರಕ್ಕೆ ಒಂದೆರಡು ಫೋನು ಬರುತ್ತವೆ. ನೀರಿನಲ್ಲಿ ಸೊಪ್ಪು ಬೆಳೆಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಾರ್, ನೂರು ಲೀಟರ್ ನೀರಿಗೆ ಸಾವಯವ ದ್ರವ ಗೊಬ್ಬರ ಎಷ್ಟು ಹಾಕಬೇಕು? ಆ ಕಡೆ ಪೆನ್ನು ಹಿಡಿದು ಕಾಯುತ್ತಿದ್ದಾರೆ ಎಂಬುದು ಈ ಕಡೆಯಿಂದಲೇ ನನಗೆ ಗೊತ್ತಾಗುತ್ತದೆ. ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿದ್ದರೆ ನಾನು ಅಷ್ಟು ವರ್ಷ ಸಂಬಳ ತೆಗೆದುಕೊಂಡದ್ದು ಯಾತಕ್ಕಪ್ಪ ಎಂದು ರೇಗುತ್ತೇನೆ. ರೇಗಿದ ಮೇಲೆ ಪಾಪ ಅನ್ನಿಸುತ್ತದೆ. ಒಂದು ಸಲ ಬರೆದುಬಿಟ್ಟರೆ ಬೇಕಾದವರು ಓದಿಕೊಳ್ಳಲಿ ಎಂದು ಈಗ ಕುಳಿತಿದ್ದೇನೆ. ಇದರಲ್ಲಿ ಅಳತೆ ಸಿಗುವುದಿಲ್ಲ. ನಾನು ಕೆಡಿಸಿದ್ದು, ಬೇರೆಯವರು ಉಳಿಸಿದ್ದು ಸಿಗುತ್ತದೆ.

ನನ್ನ ಹೆಸರು ವರದರಾಜ. ಅರಸೀಕೆರೆಯ ಹೊರಗಿರುವ ಒಂದು ಕೃಷಿ ತರಬೇತಿ ಕೇಂದ್ರದಲ್ಲಿ ಸಹಾಯಕನಾಗಿ ಸೇರಿ, ಹಿರಿಯ ಸಹಾಯಕನಾಗಿ ಹೊರಬಂದೆ. ಇವೆರಡರ ನಡುವಿನ ಬಡ್ತಿ, ಅರ್ಜಿ, ಜ್ಞಾಪನಾಪತ್ರಗಳ ಕಥೆ ನನಗೇ ಬೇಸರ, ಇನ್ನು ನಿಮಗೇಕೆ? ಬಹಳ ವರ್ಷ ಮಣ್ಣು ಪರೀಕ್ಷೆ ಮಾಡಿದೆ. ರೈತರು ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದ ಮಣ್ಣನ್ನು ಜರಡಿ ಹಿಡಿಯುವುದು, ಪರೀಕ್ಷಿಸುವುದು, ಚೀಟಿ ಬರೆದುಕೊಡುವುದು. ಕೊನೆಯ ಕೆಲವು ವರ್ಷ ಮಣ್ಣೇ ಇಲ್ಲದ ಕೆಲಸ ಬಂತು. ನೀರಿನಲ್ಲಿ ಸೊಪ್ಪು ಬೆಳೆಯುವ ಹೈಡ್ರೋಪೋನಿಕ್ಸ್. ಮಣ್ಣಿನವನನ್ನು ತಂದು ನೀರಿಗೆ ಹಾಕಿದರು ಎಂದು ಜೊತೆಯವರು ನಕ್ಕರು.

ನೀರಿಗೆ ಹಾಕಿದವರು ನಮ್ಮ ಕೇಂದ್ರದ ಮುಖ್ಯಸ್ಥರು, ರುದ್ರೇಶಪ್ಪನವರು. ಮಾತು ಬಹಳ ಕಡಿಮೆ. ಬೆಳಿಗ್ಗೆ ಬಂದವರು ಕಚೇರಿಗೆ ಹೋಗದೆ ನೇರವಾಗಿ ತೊಟ್ಟಿಯ ಹತ್ತಿರ ಹೋಗಿ, ಕನ್ನಡಕ ತೆಗೆದು ಕಿಸೆಗಿಟ್ಟು, ಬಗ್ಗಿ ನೀರನ್ನು ಮೂಸುವರು. ಆಮೇಲೆ ಗೊಬ್ಬರ ಅಳೆಯುವ ಮೀಟರ್ ಅದ್ದಿ ನೋಡುವರು. ಅಷ್ಟು ಒಳ್ಳೆಯ ಮೀಟರ್ ಇರುವಾಗ ಮೂಗೇಕೆ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಅವರ ಹತ್ತಿರ ಒಂದು ರಿಜಿಸ್ಟರ್ ಇತ್ತು. ಬೆಳೆ ಚೆನ್ನಾಗಿ ಬಂದರೆ ಅದರಲ್ಲಿ ಒಂದು ಸಾಲು. ಬೆಳೆ ಹೋದರೆ ಎರಡು ಪುಟ ಬರೆಯಬೇಕು. ಬರೆದದ್ದನ್ನು ಅವರು ಇಷ್ಟವಾದ ಕಾದಂಬರಿ ಓದುವ ಹಾಗೆ ನಿಧಾನವಾಗಿ ಓದುವರು. ನಾನು ಕಂಡ ಮೇಲಧಿಕಾರಿಗಳಲ್ಲಿ ತಪ್ಪನ್ನು ಅಷ್ಟು ಗೌರವದಿಂದ ನೋಡಿದವರು ಇನ್ನೊಬ್ಬರಿಲ್ಲ.

ನನ್ನ ಮೊದಲ ಎರಡು ಪುಟ ಬಹಳ ಬೇಗ ತುಂಬಿತು. ಮಣ್ಣಿನ ಬದಲು ಬೇರಿಗೆ ಆಸರೆಯಾಗಿ ತೆಂಗಿನ ನಾರಿನ ಪುಡಿ ಬಳಸುತ್ತೇವೆ. ಅರಸೀಕೆರೆಯಲ್ಲಿ ಅದಕ್ಕೇನು ಬರ? ಎಲ್ಲಿ ನೋಡಿದರೂ ತೆಂಗು, ಎಲ್ಲಿ ನೋಡಿದರೂ ಸಿಪ್ಪೆಯ ರಾಶಿ. ಒಂದು ಟ್ರಾಕ್ಟರ್ ಪುಡಿ ತರಿಸಿ, ಹಾಗೆಯೇ ತೊಟ್ಟಿಲುಗಳಿಗೆ ತುಂಬಿ, ದಂಟಿನ ಸೊಪ್ಪಿನ ಸಸಿ ನೆಟ್ಟೆ. ತೊಟ್ಟಿಲು ಎಂದರೆ ನಾವು ಸಸಿ ನೆಡುವ ಉದ್ದನೆಯ ದೋಣಿಯಂಥ ಡಬ್ಬ, ತೊಟ್ಟಿಯ ಗೊಬ್ಬರದ ನೀರು ಪೈಪಿನಲ್ಲಿ ಇದಕ್ಕೆ ಹರಿಯುತ್ತದೆ. ಒಂದು ವಾರಕ್ಕೆ ಎಲೆಗಳ ಅಂಚು ಸುಟ್ಟು ಕಪ್ಪಾಯಿತು. ಹಸಿ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಮೂರು ನಾಲ್ಕು ನೀರಿನಲ್ಲಿ ತೊಳೆದು ಬಳಸಬೇಕು ಎಂಬುದು ಮಣ್ಣಿನವನಾದ ನನಗೆ ಗೊತ್ತಿರಲಿಲ್ಲ. ತಿನ್ನುವ ಅಕ್ಕಿಯನ್ನು ತೊಳೆಯುತ್ತೀರಿ, ಇದನ್ನು ತೊಳೆಯಲಿಲ್ಲವೇನ್ರೀ ಎಂದು ರುದ್ರೇಶಪ್ಪನವರು ಕೇಳಿದರು, ಅಷ್ಟೇ. ಅವತ್ತಿನಿಂದ ನಾನು ಏನು ಸಿಕ್ಕಿದರೂ ತೊಳೆಯುವವನಾದೆ.

ಅದು ನನ್ನ ರಕ್ತದಲ್ಲೂ ಇತ್ತು ಎನ್ನಿ. ನಮ್ಮ ತಂದೆ ಮಾಲೇಕಲ್ಲಿನ ಬೆಟ್ಟದ ದೇವಸ್ಥಾನದಲ್ಲಿ ಪರಿಚಾರಕರು. ದೇವರ ಪಾತ್ರೆ ಬೆಳಗುವುದು, ನೀರು ತರುವುದು ಅವರ ಸೇವೆ. ರಜದ ದಿನ ಹುಣಸೆಹಣ್ಣು ಹಾಕಿ ತಟ್ಟೆ ತಂಬಿಗೆ ತಿಕ್ಕುವುದು ನನ್ನ ಪಾಲು. ಪಾತ್ರೆಯ ತಳದಲ್ಲಿ ಒಂದು ಕಲೆ ಉಳಿದರೂ ಅಪ್ಪ ಮಾತನಾಡದೆ ಅದನ್ನು ನನ್ನ ಮುಂದೆ ಇಟ್ಟು ಹೋಗುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನಿಗೆ ರಾಸಾಯನಿಕ ಗೊಬ್ಬರದ ಹೈಡ್ರೋಪೋನಿಕ್ಸ್ ಬಹಳ ಹಿತವಾಗಿತ್ತು. ಪೊಟ್ಟಣದಲ್ಲಿ ಬರುವ ಗೊಬ್ಬರದ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ನೀರು ತಿಳಿಯಾಗಿಯೇ ಇರುತ್ತದೆ. ಒಂದು ಬೆಳೆ ಮುಗಿದ ತಕ್ಷಣ ಬ್ಲೀಚಿಂಗ್ ಪೌಡರ್ ಹಾಕಿ ತೊಟ್ಟಿ, ಪೈಪು ಎಲ್ಲವನ್ನೂ ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ಬೇರಿನ ರೋಗ ಮುಂದಿನ ಬೆಳೆಗೆ ದಾಟುತ್ತದೆ. ತರಬೇತಿಗೆ ಬಂದ ಎಷ್ಟೋ ತಂಡಗಳಿಗೆ ತೊಟ್ಟಿ ತೊಳೆಯುವ ಪಾಠ ಮಾಡಿದವನು ನಾನೇ. ಆ ಪಾಠದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಿಲ್ಲ.

ಆಮೇಲೆ ರುದ್ರೇಶಪ್ಪನವರ ತಲೆಗೆ ಸಾವಯವ ಬಂತು. ಪೊಟ್ಟಣ ಎಲ್ಲಿಂದಲೋ ಬರಬೇಕು. ಸಗಣಿ, ಗಂಜಲ, ಕಡಲೆಹಿಂಡಿ ನಮ್ಮ ಹಳ್ಳಿಯಲ್ಲೇ ಇವೆ, ಇವುಗಳನ್ನು ಕೊಳೆಸಿ ಸೋಸಿದ ದ್ರವದಲ್ಲಿ ಸೊಪ್ಪು ಏಕೆ ಬೆಳೆಯಬಾರದು ಎಂದರು. ಕೇಳಲು ಸುಲಭ. ಮಣ್ಣಿಗೆ ಹಾಕಿದ ಗೊಬ್ಬರವನ್ನು ಗಿಡ ನೇರವಾಗಿ ತಿನ್ನುವುದಿಲ್ಲ. ಮಣ್ಣಿನೊಳಗಿನ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಅಗಿದು, ನೈಟ್ರೇಟ್ ಎಂಬ ರೂಪಕ್ಕೆ ತಂದು ಬಡಿಸಿದರೆ ಗಿಡ ಉಣ್ಣುತ್ತದೆ. ಬರೀ ನೀರಿನಲ್ಲಿ ಆ ಅಡುಗೆಯವರಿಲ್ಲ. ಅಡುಗೆಯವರಿಲ್ಲದ ಮನೆಗೆ ದಿನಸಿ ತಂದು ಸುರಿದರೆ ಕೊಳೆಯುತ್ತದೆ, ಅಷ್ಟೇ. ಇದನ್ನು ಈಗ ಇಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ, ಆಗ ತಲೆಗೆ ಹೋಗಿರಲಿಲ್ಲ.

ಮೊದಲು ಮಾಡಿದ್ದು ಮೀನಿನ ದ್ರವ. ಮೀನಿನ ತ್ಯಾಜ್ಯಕ್ಕೆ ಬೆಲ್ಲ ಹಾಕಿ ತಿಂಗಳು ಇಟ್ಟರೆ ಕಂದು ಬಣ್ಣದ ಪಾಕ ಬರುತ್ತದೆ. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅದನ್ನು ಸೋಸುತ್ತಿದ್ದೆ. ಆದರೆ ಪಾಲಕ್ ಬಂತು ನೋಡಿ, ಅಂಗೈ ಅಗಲದ ಎಲೆ. ಹಿಗ್ಗಿ ಹೀರೆಕಾಯಿಯಾಗಿ ಒಂದು ಚೀಲ ತುಂಬಿಕೊಂಡು ಹಳೇಬೀಡಿನ ಕಡೆ ಹೊರಟೆ. ಬಸ್ತಿಹಳ್ಳಿಯಲ್ಲಿ ಬಸದಿಗಳ ಹತ್ತಿರ ಪದ್ಮಾವತಮ್ಮ ಎಂಬ ಜೈನರ ಮನೆಯ ನಿವೃತ್ತ ಉಪಾಧ್ಯಾಯಿನಿ ಇದ್ದರು. ನಮ್ಮ ಸೊಪ್ಪನ್ನು ಅಕ್ಕಪಕ್ಕದ ಮನೆಗಳಿಗೂ ಹೇಳಿ ಕೊಡಿಸುತ್ತಿದ್ದವರು. ಕಟ್ಟು ಕೈಗೆತ್ತಿಕೊಂಡು ಬಾಯಿ ತುಂಬ ಹೊಗಳಿ, ಗಿಡಕ್ಕೆ ಏನು ಹಾಕ್ತೀರಿ ಎಂದು ಸಹಜವಾಗಿ ಕೇಳಿದರು. ನಾನೂ ಸಹಜವಾಗಿ ಹೇಳಿದೆ. ಆಕೆ ಕಟ್ಟನ್ನು ಮೆಲ್ಲಗೆ ಚೀಲದೊಳಕ್ಕೆ ವಾಪಸ್ಸಿಟ್ಟು, ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು.

"ಹೇಳಿದ್ರಲ್ಲ, ಒಳ್ಳೇದಾಯ್ತು. ಮೀನಿಲ್ದೆ ಬೆಳೆದಾಗ ತನ್ನಿ, ಮೊದಲ ಕಟ್ಟು ನಾನೇ ತಗೋತೀನಿ" ಎಂದರು.

ಮನೆಗೆ ಬಂದರೆ ಇನ್ನೊಂದು ಪೇಚು. ನಮ್ಮದೂ ಮೀನು ಮುಟ್ಟದ ಮನೆ. ಆ ವಾರವೆಲ್ಲ ನನ್ನ ಹೆಂಡತಿ ಅದೇ ಪಾಲಕ್ಕಿನಲ್ಲಿ ಮಸ್ಸೊಪ್ಪು ಮಾಡಿದ್ದಳು, ಎರಡೆರಡು ಸಲ ಬಡಿಸಿಕೊಂಡು ತಿಂದಿದ್ದೆವು. ಹೇಳಿದ ಮೇಲೆ ಅವಳು ತಿಂಗಳುಗಟ್ಟಲೆ ನಾನು ತಂದ ಯಾವ ಸೊಪ್ಪನ್ನೂ ಮುಟ್ಟಲಿಲ್ಲ. ಗಿಡಕ್ಕೆ ಹಾಕುವುದು ಕೊನೆಗೆ ಯಾರ ತಟ್ಟೆಗೆ ಹೋಗುತ್ತದೆ ಎಂದು ಮೊದಲೇ ಯೋಚಿಸಿ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ. ರಿಜಿಸ್ಟರಿನಲ್ಲಿ ಮತ್ತೆ ಎರಡು ಪುಟ. ಓದಿದ ರುದ್ರೇಶಪ್ಪನವರು ಮೀನಿನ ಡ್ರಮ್ಮನ್ನು ಖಾಲಿ ಮಾಡಿಸಿ, ಇನ್ನು ಮೇಲೆ ಕಡಲೆಹಿಂಡಿ ಮತ್ತು ಸಗಣಿ ನೀರು ಮಾತ್ರ ಎಂದರು. ಅದಕ್ಕೆ ಹಸು ಇರುವ ಮನೆ ಬೇಕಾಯಿತು. ಹಾಗೆ ಮಾದಿಹಳ್ಳಿಗೆ ಹೋದೆವು.

ಮಾದಿಹಳ್ಳಿ ಹಳೇಬೀಡಿನ ಹತ್ತಿರದ ಊರು. ಗದ್ದೆ, ತೆಂಗು, ಹಾಲು ಮೂರೂ ಇರುವ ಊರು. ಅಲ್ಲಿ ಹನ್ನೆರಡು ಹೆಂಗಸರ ಒಂದು ಸಂಘವಿತ್ತು, ಸಂಘದ ಕೈಯಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಖಾಲಿ ಮನೆಯಿತ್ತು. ಕೊಬ್ಬರಿ ಒಣಗಿಸಲು ಆ ಮನೆ ಕೊಡಿ ಎಂದು ಯಾರೋ ಕೇಳಿ, ಹೆಚ್ಚು ಕಡಿಮೆ ಒಪ್ಪಿಗೆಯೂ ಆಗಿತ್ತಂತೆ. ಅದನ್ನು ತಪ್ಪಿಸಿ, ಇಲ್ಲ, ಸೊಪ್ಪು ಬೆಳೆಯೋಣ, ನಾನು ನಿಂತು ಮಾಡಿಸುತ್ತೇನೆ ಎಂದು ಎಲ್ಲರ ಮುಂದೆ ಮಾತು ಕೊಟ್ಟವರು ಲಕ್ಕಮ್ಮ. ಐವತ್ತರ ಆಸುಪಾಸಿನ ಹೆಂಗಸು. ಎರಡು ಹಸು, ಒಬ್ಬಳು ಸೊಸೆ ಶೋಭಾ. ಡೇರಿಗೆ ಹಾಲು ಹಾಕಿ ಮನೆ ನಡೆಸುವವರು. ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಮನಸ್ಸಿರಲಿಲ್ಲ. ಲಕ್ಕಮ್ಮನ ಮುಖ ನೋಡಿ ಹ್ಞೂಂ ಅಂದಿದ್ದರು.

ನಮ್ಮ ಕೇಂದ್ರದ ಷರತ್ತು ಒಂದೇ. ಮೂರು ಬೆಳೆ ನೋಡುತ್ತೇವೆ. ಮೂರನೆಯ ಬೆಳೆಯ ಹೊತ್ತಿಗೆ ಮುಖ್ಯ ಕಚೇರಿಯವರು ಬಂದು ನೋಡುತ್ತಾರೆ. ಚೆನ್ನಾಗಿದ್ದರೆ ತೊಟ್ಟಿ, ಪಂಪು, ತೊಟ್ಟಿಲು ಎಲ್ಲವೂ ಸಂಘಕ್ಕೆ. ಇಲ್ಲದಿದ್ದರೆ ಬಿಚ್ಚಿಕೊಂಡು ಹೋಗುತ್ತೇವೆ. ಹಾಗೆ ಬಿಚ್ಚಿಕೊಂಡು ಹೋದರೆ ಆ ಹನ್ನೆರಡು ಜನರ ನಡುವೆ ಲಕ್ಕಮ್ಮನ ಮಾತಿಗೆ ಮತ್ತೆ ಬೆಲೆ ಇರುತ್ತಿರಲಿಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು.

ಮೊದಲ ಬೆಳೆಯನ್ನು ನಾನು ಕೊಳೆಸಿದೆ. ನೀರಿನಲ್ಲಿ ಎಷ್ಟು ಗೊಬ್ಬರ ಇದೆ ಎಂದು ತೋರಿಸುವ ಮೀಟರ್ ಕರಗಿದ ಉಪ್ಪನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಿಂಡಿಯ ದ್ರವದಲ್ಲಿ ಗಿಡಕ್ಕೆ ಬೇಕಾದದ್ದು ಹೇರಳವಾಗಿದ್ದರೂ ಅದು ಇನ್ನೂ ಉಪ್ಪಾಗಿರುವುದಿಲ್ಲ, ಮೀಟರಿಗೆ ಕಾಣುವುದಿಲ್ಲ. ನಾನು ಮೀಟರ್ ಅದ್ದುತ್ತಿದ್ದೆ, ಕಡಿಮೆ ತೋರಿಸುತ್ತಿತ್ತು, ಇನ್ನೊಂದು ಬಕೆಟ್ ಸುರಿಯುತ್ತಿದ್ದೆ. ಮತ್ತೆ ಅದ್ದುತ್ತಿದ್ದೆ, ಮತ್ತೆ ಸುರಿಯುತ್ತಿದ್ದೆ. ಅತಿಯಾದರೆ ಅಮೃತವೂ ವಿಷ ಎಂದು ಗೋಡೆಗೆ ಬರೆಸಬೇಕಾದವನು ನಾನು. ಐದನೆಯ ದಿನಕ್ಕೆ ನೊರೆ ಎದ್ದಿತು. ಬಸ್ಸು ಇಳಿದವರು ಮೂಗು ಮುಚ್ಚಿಕೊಂಡು ನಡೆಯುವ ಹಾಗಾಯಿತು. ರುದ್ರೇಶಪ್ಪನವರು ಏಕೆ ಮೊದಲು ಮೂಸಿ ಆಮೇಲೆ ಮೀಟರ್ ನೋಡುತ್ತಾರೆ ಎಂದು ಅವತ್ತು ಅರ್ಥವಾಯಿತು.

ಇಂಗು ತಿಂದ ಮಂಗನ ಹಾಗೆ ತೊಟ್ಟಿಯ ಪಕ್ಕದಲ್ಲಿ ಕುಳಿತಿದ್ದೆ. ಹಾಲು ಕರೆದು ಬಂದ ಲಕ್ಕಮ್ಮ ನೀರಿಗೆ ಕೈ ಅದ್ದಿ ನೋಡಿ, ನಾನು ದಿನಕ್ಕೆ ಎಷ್ಟು ಹಾಕಿದೆ ಎಂದು ಕೇಳಿದರು. ಹೇಳಿದೆ.

"ನಾಲ್ಕು ದಿವ್ಸದ ಕೂಸಿಗೆ ಮುದ್ದೆ ಉಣ್ಸಿದ್ರೆ ಏನಾಯ್ತದೆ ವರದಣ್ಣ?" ಎಂದರು. "ಮೊದ್ಲು ಒಳ್ಳೆಲಿ ಉಣ್ಸಿ. ಅರಗಿಸ್ಕಳದ ಕಲೀಲಿ. ಆಮ್ಯಾಕೆ ನೀವು ಕೊಟ್ಟಷ್ಟು ತಿಂತದೆ."

ಒಳ್ಳೆ ಎಂದರೆ ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು. ಹಳ್ಳಿಯ ಹೆಂಗಸಿನ ಮಾತು ಎಂದು ನಾನು ನಕ್ಕು ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪುಣ್ಯಕ್ಕೆ ಅವತ್ತು ರುದ್ರೇಶಪ್ಪನವರೂ ಬಂದಿದ್ದರು. ಅವರು ನಗಲಿಲ್ಲ. ಲಕ್ಕಮ್ಮನಿಗೆ ಕುರ್ಚಿ ಹಾಕಿಸಿ, ಕೂರಿಸಿ, ಇನ್ನೊಮ್ಮೆ ಹೇಳಿ ಎಂದು ಕೇಳಿ ಬರೆದುಕೊಂಡರು. ಆಕೆ ಹೇಳಿದ ಕ್ರಮದಲ್ಲೇ ಮಾಡಿದೆವು. ತೊಟ್ಟಿಗೆ ಹೊಸ ನೀರು. ಅವರ ಮನೆಯ ಹಳೇ ತಿಪ್ಪೆಯ ತಳದ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಅದರೊಳಕ್ಕೆ ಇಳಿಬಿಟ್ಟೆವು. ಗಾಳಿ ಊದುವ ಸಣ್ಣ ಪಂಪು ಹಾಕಿದೆವು. ದಿನಕ್ಕೆ ಒಂದು ಸೌಟು ಹಿಂಡಿಯ ನೀರು, ಅಷ್ಟೇ. ಸಸಿ ನೆಡಲಿಲ್ಲ, ಕಾದೆವು. ಮೊದಲ ವಾರ ಸ್ವಲ್ಪ ವಾಸನೆ. ಎರಡನೆಯ ವಾರ ಕಡಿಮೆಯಾಯಿತು. ಮೂರನೆಯ ವಾರ ಒಂದು ಬೆಳಿಗ್ಗೆ ನೀರು ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತಿತ್ತು. ನೈಟ್ರೇಟ್ ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗುವ ಕಾಗದದ ಪಟ್ಟಿಯೊಂದಿದೆ. ಅದ್ದಿದರೆ ಒಳ್ಳೆಯ ಗುಲಾಬಿ. ನನಗಂತೂ ಕಣ್ಣು ತುಂಬಿತು. ಎರಡನೆಯ ಬೆಳೆಯ ಪಾಲಕ್, ಸಬ್ಬಸಿಗೆ, ದಂಟು ಮೂರೂ ಎದ್ದು ಬಂದವು. ಬಸ್ತಿಹಳ್ಳಿಯ ಪದ್ಮಾವತಮ್ಮ ಹೇಳಿದ ಹಾಗೆಯೇ ಮೊದಲ ಕಟ್ಟು ತೆಗೆದುಕೊಂಡರು. ಲಕ್ಕಮ್ಮ ಓದಿದ್ದು ಮೂರನೆಯ ಕ್ಲಾಸು. ನಾನು ಆ ಕೆಲಸದಲ್ಲಿ ಕಲಿತದ್ದರ ಮುಕ್ಕಾಲು ಪಾಲು ಆಕೆಯಿಂದ ಎಂದು ಯಾವ ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ.

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಮೂರನೆಯ ಬೆಳೆ ನೆಟ್ಟು ಎರಡು ವಾರವಾಗಿತ್ತು. ಇನ್ನು ಹನ್ನೆರಡು ದಿನಕ್ಕೆ ಮುಖ್ಯ ಕಚೇರಿಯವರು ಬರುತ್ತಾರೆ ಎಂದು ತಿಳಿಯಿತು. ದೊಡ್ಡವರು ಬರುತ್ತಾರೆಂದರೆ ನಮ್ಮ ಕೇಂದ್ರದಲ್ಲಿ ಸುಣ್ಣ ಬಳಿಯುವುದು, ಕಲ್ಲಿಗೆ ಕೆಮ್ಮಣ್ಣು ಹಚ್ಚುವುದು, ತೊಟ್ಟಿ ತಿಕ್ಕುವುದು ವಾಡಿಕೆ. ನಾನು ಮಾದಿಹಳ್ಳಿಗೆ ಹೋದ ದಿನ ಲಕ್ಕಮ್ಮ ನೆಂಟರ ಮದುವೆಗೆಂದು ಬೇಲೂರಿಗೆ ಹೋಗಿದ್ದರು. ಶೋಭಾ ಬೀಗದ ಕೈ ಕೊಟ್ಟು ಹಸುವಿನ ಕೆಲಸಕ್ಕೆ ಹೋದಳು. ಒಳಗೆ ನೋಡಿದರೆ ಸೊಪ್ಪು ಚೆನ್ನಾಗಿಯೇ ಇತ್ತು. ಆದರೆ ತೊಟ್ಟಿಯ ಗೋಡೆಗೆಲ್ಲ ಕಂದು ಬಣ್ಣದ ಲೋಳೆ ಹತ್ತಿತ್ತು. ತೊಟ್ಟಿಲುಗಳ ಅಂಚಿನಲ್ಲೂ ಅದೇ. ಇದನ್ನು ನೋಡಿದರೆ ಬಂದವರು ಏನೆಂದುಕೊಂಡಾರು, ವರದರಾಜ ಇಷ್ಟು ಗಲೀಜು ಇಟ್ಟಿದ್ದಾನೆ ಎನ್ನುವುದಿಲ್ಲವೇ ಎಂದು ಹೆದರಿದೆ. ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಚೀಲ ಇತ್ತು. ನೀರು ಖಾಲಿ ಮಾಡಿ, ತೆಂಗಿನ ನಾರಿನಿಂದ ತಿಕ್ಕಿದೆ. ತೊಟ್ಟಿ, ಪೈಪು, ತೊಟ್ಟಿಲಿನ ಅಂಚು, ಒಂದನ್ನೂ ಬಿಡಲಿಲ್ಲ. ತೊಳೆದು, ಬೋರ್‌ವೆಲ್ ನೀರು ತುಂಬಿ, ಎಂದಿನಷ್ಟು ಹಿಂಡಿಯ ನೀರು ಹಾಕಿದೆ. ತೊಟ್ಟಿ ಹೊಸದರ ಹಾಗೆ ಬೆಳ್ಳಗಾಯಿತು. ಸೊಂಟ ಹಿಡಿದುಕೊಂಡಿದ್ದರೂ ಬಹಳ ತೃಪ್ತಿಯಿಂದ ಬಸ್ಸು ಹತ್ತಿದೆ.

ಆ ಲೋಳೆಯೇ ಅಡುಗೆಯವರ ಮನೆ. ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಗೋಡೆಗೆ ಅಂಟಿಕೊಂಡು ಬಾಳುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಂಗಳುಗಟ್ಟಲೆ ಲಕ್ಕಮ್ಮ ಸೌಟಿನಲ್ಲಿ ಉಣಿಸಿ ಸಾಕಿದ್ದನ್ನು ನಾನು ಮಧ್ಯಾಹ್ನದ ಊಟದೊಳಗೆ ಮುಗಿಸಿದ್ದೆ.

ನಾಲ್ಕನೆಯ ದಿನ ಹೋದಾಗ ನೀರು ಹಳಸಿದ ವಾಸನೆ ಹೊಡೆಯುತ್ತಿತ್ತು. ತಳದ ಎಲೆಗಳು ಹಳದಿಗೆ ತಿರುಗುತ್ತಿದ್ದವು. ಲಕ್ಕಮ್ಮ ಹೊರಗೆ ಹೋಗಿದ್ದಾಗ ಕಾಗದದ ಪಟ್ಟಿ ಅದ್ದಿದೆ. ಬೆಳ್ಳಗೆ ಹಾಗೆಯೇ ಇತ್ತು. ಏನಾಗಿದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಲಕ್ಕಮ್ಮ ಬಂದು, ತಾನು ಊರಲ್ಲಿಲ್ಲದ ದಿನ ಏನಾದರೂ ಆಯಿತೇ ಎಂದು ಕೇಳಿದರು. ನೋಡೋಣ, ಸರಿಹೋಗುತ್ತದೆ ಎಂದೆ.

ಏಕೆ ಹೇಳಲಿಲ್ಲ? ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ತೊಟ್ಟಿಯ ಪಾಠ ಮಾಡುವ ಮೇಷ್ಟ್ರೇ ತೊಟ್ಟಿ ಕೊಂದ ಎಂದು ಕೇಂದ್ರವೆಲ್ಲ ನಗುತ್ತದೆ ಎಂಬ ಭಯ. ಇವೆಲ್ಲ ನೆಪ. ನಾನು ಹೇಡಿಯಾಗಿದ್ದೆ, ಅಷ್ಟೇ. ದಿನಾ ಹೋಗುತ್ತಿದ್ದೆ, ಕದ್ದು ತಿಪ್ಪೆಯ ಮಣ್ಣು ಹಾಕುತ್ತಿದ್ದೆ, ಮೂರು ವಾರದ ಕೆಲಸ ಒಂದು ವಾರದಲ್ಲಿ ಆಗಿಬಿಡಲಿ ಎಂದು ಮಾಲೇಕಲ್ಲಿನ ವೆಂಕಟರಮಣನಿಗೆ ಹರಕೆ ಹೊತ್ತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಲಕ್ಕಮ್ಮ ನನ್ನ ಕಡೆ ನೋಡಿದಾಗಲೆಲ್ಲ ಪಂಪಿನ ಕಡೆ ತಿರುಗುತ್ತಿದ್ದೆ.

ಆಕೆಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಮೊದಲು ಹಸುವಿನ ಮೇವು ಬದಲಾಯಿಸಿದರು, ಸಗಣಿಯಲ್ಲಿ ದೋಷವಿರಬಹುದೆಂದು. ಆಮೇಲೆ ಹಿಂಡಿ ಬೇರೆ ತರಿಸಿದರು. ಕೊನೆಗೆ ಅನುಮಾನ ಸೊಸೆಯ ಮೇಲೆ ಹೋಯಿತು. ತಾನು ಮದುವೆಗೆ ಹೋದ ದಿನ ಶೋಭಾ ಹಾಲಿನ ಕ್ಯಾನುಗಳನ್ನು ಸೋಪು ಹಾಕಿ ತೊಳೆದಿದ್ದಳಂತೆ, ಆ ನೀರು ತೊಟ್ಟಿಗೆ ಹೋಗಿರಬೇಕು, ಗೋಡೆಯ ಲೋಳೆ ಬಿಟ್ಟು ಬೆಳ್ಳಗಾದದ್ದೂ ಅದರಿಂದಲೇ ಎಂದುಕೊಂಡರು. ಇಲ್ಲ ಅತ್ತೆ, ನಾನು ಅವರಿಗೆ ಬೀಗದ ಕೈ ಕೊಟ್ಟೆ ಅಷ್ಟೇ ಎಂದು ಅವಳು ಎಷ್ಟು ಹೇಳಿದರೂ, ಪಾಠ ಮಾಡುವವರ ಕೈಯಲ್ಲಿ ಕೆಡುವುದುಂಟೇ ಎಂದು ಕೇಳಲಿಲ್ಲ. ಸಂಘದ ಹೆಂಗಸರೂ ದನಿಗೂಡಿಸಿದರು. ಶೋಭಾ ಆ ಮನೆಯ ಕಡೆ ಬರುವುದನ್ನೇ ಬಿಟ್ಟಳು. ದಿನಾ ನನಗೆ ನೀರು ತಂದುಕೊಟ್ಟು ಯೋಗಕ್ಷೇಮ ಕೇಳುತ್ತಿದ್ದ ಹುಡುಗಿ ತಲೆತಗ್ಗಿಸಿಕೊಂಡು ಓಡಾಡುವುದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಎಂಟು ದಿನ ಹೀಗೆ ಕಳೆದೆ.

ಮುಖ್ಯ ಕಚೇರಿಯಿಂದ ಇಬ್ಬರು ಬಂದರು. ರುದ್ರೇಶಪ್ಪನವರು ಜೊತೆಗಿದ್ದರು. ಹನ್ನೆರಡು ಹೆಂಗಸರೂ ಗೋಡೆಯುದ್ದಕ್ಕೆ ನಿಂತಿದ್ದರು. ಪಾಲಕ್ ಎಲ್ಲ ನಿಂಬೆಹಣ್ಣಿನ ಬಣ್ಣ. ಬಂದವರಲ್ಲಿ ಹಿರಿಯರು ಒಂದು ಗಿಡ ಕಿತ್ತು ಕಂದಿದ ಬೇರು ನೋಡಿ, ಮನೆಯಲ್ಲಿ ಮಾಡಿದ ದ್ರವಕ್ಕೆ ಇದೇ ತೊಂದರೆ, ಇದನ್ನು ನಂಬಿಕೊಂಡು ಹಳ್ಳಿಯವರ ಕೈಗೆ ಕೊಡುವುದು ಕಷ್ಟ ಎಂದು ಮೆತ್ತಗೆ ಹೇಳಿದರು. ಬಿಚ್ಚಿಕೊಂಡು ಹೋಗುವ ಮಾತು ಬರಲು ಇನ್ನೊಂದೇ ವಾಕ್ಯ ಬಾಕಿಯಿತ್ತು. ಆಗ ಲಕ್ಕಮ್ಮ ಎರಡು ಹೆಜ್ಜೆ ಮುಂದೆ ಬಂದರು.

"ಗೊಬ್ಬರದ್ದು ತಪ್ಪಲ್ಲ ಸಾರ್, ನಮ್ಮನೇದೇ ತಪ್ಪು" ಎಂದರು. "ಹಾಲಿನ ಕ್ಯಾನ್ ತೊಳ್ದ ಸೋಪಿನ ನೀರು ಹೋಗದೆ. ಈ ಹೆಂಗಸ್ರದ್ದೂ ಏನಿಲ್ಲ. ಇನ್ನೊಂದು ಬೆಳೆ ಬುಟ್ಕೊಡಿ, ನಾನೇ ಹಗ್ಲೂ ರಾತ್ರಿ ಕಾಯ್ತೀನಿ."

ಶೋಭಾ ಬಾಗಿಲ ಹೊರಗೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಸಂಘ ಉಳಿಯಲಿ ಎಂದು ಲಕ್ಕಮ್ಮ ತಮ್ಮ ಮನೆಯ ಮರ್ಯಾದೆಯನ್ನು ಎಲ್ಲರ ಮುಂದೆ ತಂದಿಟ್ಟಿದ್ದರು. ಅದೂ ನನ್ನ ತಪ್ಪಿಗೆ. ಇನ್ನು ನನಗೆ ಸುಮ್ಮನಿರಲಾಗಲಿಲ್ಲ.

"ಸೋಪಲ್ಲ ಸಾರ್" ಎಂದೆ. "ಬ್ಲೀಚಿಂಗ್ ಪೌಡರ್ ಹಾಕಿ ತೊಟ್ಟಿ ತೊಳೆದವನು ನಾನು. ಶೋಭಾ ಬರೀ ಬೀಗದ ಕೈ ಕೊಟ್ಟಳು. ನನಗೆ ನಾಲ್ಕನೇ ದಿನವೇ ಗೊತ್ತಾಯ್ತು, ಹೇಳಲಿಲ್ಲ."

ರುದ್ರೇಶಪ್ಪನವರು ಯಾವ ದಿನ, ಎಷ್ಟು ಪೌಡರ್, ಎಷ್ಟು ಹೊತ್ತು ತಿಕ್ಕಿದಿರಿ, ಪಟ್ಟಿಯ ಬಣ್ಣ ಏನಿತ್ತು ಎಂದು ಒಂದೊಂದಾಗಿ ಕೇಳಿದರು. ಅಲ್ಲೇ ನಿಂತು ರಿಜಿಸ್ಟರಿನಲ್ಲಿ ಬರೆದುಕೊಂಡರು. ದನಿಯಲ್ಲಿ ಕೋಪವಿರಲಿಲ್ಲ. ಬರೆದಾದ ಮೇಲೆ ಬಂದವರ ಕಡೆ ತಿರುಗಿ, ಎರಡನೆಯ ಬೆಳೆ ತೊಳೆಯದ ತೊಟ್ಟಿಯಲ್ಲಿ ಬಂತು, ಮೂರನೆಯದು ತೊಳೆದ ಮೇಲೆ ಹೋಯಿತು, ನೀರು ಒಂದೇ, ತೊಳೆದಾಗ ಹಾಕಿದ ಹಿಂಡಿಯೂ ಅದೇ, ಈ ವಿಧಾನ ಸರಿ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಹೋದ ಬೆಳೆಯನ್ನು ಸಾಕ್ಷಿಯ ಕಟ್ಟೆಗೆ ಹತ್ತಿಸುವುದು ಅವರಿಗೆ ಮಾತ್ರ ಸಾಧ್ಯವಿತ್ತು. ಬಂದ ಹಿರಿಯರು ಇನ್ನೊಂದು ಬೆಳೆಗೆ ಒಪ್ಪಿದರು. ಆದರೆ ಈ ಘಟಕಕ್ಕೆ ಬೇರೆ ಸಹಾಯಕನನ್ನು ಕಳಿಸಿ ಎಂದರು. ನ್ಯಾಯವಾದ ಮಾತೇ, ನಾನು ಅದಕ್ಕೆ ಸಿದ್ಧನಾಗಿದ್ದೆ.

"ಬ್ಯಾಡ ಸಾರ್" ಎಂದರು ಲಕ್ಕಮ್ಮ. "ಹೊಸಬ್ರು ಬಂದ್ರೆ ಅವ್ರೂ ಒಂದಿನ ತೊಳೀತಾರೆ. ಇವ್ರು ಇನ್ನು ಈ ಜನ್ಮದಾಗೆ ತೊಳೆಯಕಿಲ್ಲ."

ಗೋಡೆಯ ಪಕ್ಕದ ಹೆಂಗಸರು ನಕ್ಕರು. ಬಂದವರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮತ್ತೆ ತಿಪ್ಪೆಯ ಮಣ್ಣು, ಮತ್ತೆ ದಿನಕ್ಕೊಂದು ಸೌಟು. ಮೂರು ವಾರಕ್ಕೆ ಸ್ವಲ್ಪ ಹೆಚ್ಚೇ ಹಿಡಿಯಿತು. ನಾಲ್ಕನೆಯ ಬೆಳೆ ಬಂತು, ತೊಟ್ಟಿ ಪಂಪುಗಳು ಸಂಘದವೇ ಆದವು. ಇವತ್ತಿಗೂ ಹಳೇಬೀಡಿನ ಅಂಗಡಿಗಳಿಗೆ ಅಲ್ಲಿಂದ ಸೊಪ್ಪು ಹೋಗುತ್ತದೆ. ತರಬೇತಿಯಲ್ಲಿ ತೊಟ್ಟಿಯ ಪಾಠವನ್ನು ಎರಡು ಮಾಡಿದೆವು, ಉಪ್ಪಿನ ತೊಟ್ಟಿಗೆ ಒಂದು, ಜೀವದ ತೊಟ್ಟಿಗೆ ಒಂದು. ಎರಡನೆಯದನ್ನು ಲಕ್ಕಮ್ಮನೇ ಬಂದು ಮಾಡುತ್ತಾರೆ. ನೀವು ಆ ಪಾಠಕ್ಕೆ ಹೋದರೆ ಪೆನ್ನು ಬಿಟ್ಟು ಕಿವಿ ಕೊಡಿ.

ಆದರೆ ನನಗೆ ಆ ದಿನದ್ದು ಹೆಚ್ಚು ನೆನಪಿರುವುದು ಸಂಜೆಯ ಹೊತ್ತು. ಜೀಪು ಹೊರಟುಹೋಗಿತ್ತು. ಅದರಲ್ಲಿ ಹತ್ತಲು ಮುಖವಿಲ್ಲದೆ ನಾನು ಬಸ್ಸಿಗೆ ನಿಂತಿದ್ದೆ. ಲಕ್ಕಮ್ಮ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಆ ಕಡೆಯಿಂದ ಬಂದರು. ನಾನು ಏನೋ ಹೇಳಲು ಹೊರಟೆ. ಕೈ ಎತ್ತಿ ತಡೆದರು.

"ತೊಳೆದಿದ್ದು ಬುಡಿ ವರದಣ್ಣ. ಗೊತ್ತಿಲ್ದೆ ಆಯ್ತು. ಎಂಟು ದಿವ್ಸ ಆ ಹುಡ್ಗಿ ಕಣ್ಣೀರಾಕ್ಕಂಡು ಮುದ್ದೆ ತಿರುವಿದ್ಲು. ಅದು ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು ಕಣಮ್ಮ" ಎಂದೆ.

ಆಕೆ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಮೊದಲನೇ ಬಸ್ಸಿಗೆ ಎಂದೆ.

"ತೊಟ್ಟಿ ತಾವ್ಕೆ ಹೋಗ್ಬ್ಯಾಡಿ, ಮೊದ್ಲು ಮನೇಗ್ ಬನ್ನಿ. ಅವ್ಳಿಗೆ ನೀವೂ ಒಂದು ಮಾತು ಹೇಳ್ಬೇಕು, ನಾನೂ ಹೇಳ್ಬೇಕು. ಒಬ್ಳೇ ಹೇಳಕ್ಕೆ ನಂಗೆ ಬಾಯಿ ಬತ್ತಾ ಇಲ್ಲ."

ಅಷ್ಟರಲ್ಲಿ ಅರಸೀಕೆರೆಯ ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಕುಳಿತೆ. ಲಕ್ಕಮ್ಮ ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಮನೆಯ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದುವ ಮೊದಲೇ ಇಳಿದುಬಿಟ್ಟೆ. ನಾಳೆಯವರೆಗೆ ಯಾಕಮ್ಮ, ಈಗಲೇ ಹೋಗೋಣ ಎಂದು ಅವರ ಕೈಯಿಂದ ಕ್ಯಾನು ತೆಗೆದುಕೊಂಡೆ. ಇಬ್ಬರೂ ಶೋಭಾ ಇದ್ದ ಮನೆಯ ಕಡೆಗೆ ನಡೆದೆವು.